ಯಾರು ಬಂದಿಲ್ಲ ಎಂದು ಕೇಳುತ್ತಿದ್ದವರು

ಆವತ್ತು ಗ್ರಾಮಸಭೆಗೆ ಯಾರ್ಯಾರು ಬಂದಿದ್ದರು ಅಂತ ಹೇಳುವುದಕ್ಕೆ ಒಂದು ಉಸಿರು ಸಾಕು. ನಮ್ಮ ಪಂಚಾಯ್ತಿಗೆ ಹೊಸದಾಗಿ ಬಂದ ಪಿಡಿಒ, ಬಿಲ್ ಕಲೆಕ್ಟರ್, ನೀರಗಂಟಿ ಆಂಜಿನಪ್ಪ, ನಾನು, ಇನ್ನು ಕುರ್ಚಿ ಬಾಡಿಗೆಗೆ ಕೊಟ್ಟ ಶಾಮಿಯಾನದವನು. ಅವನು ಸಭೆಗೆ ಅಂತ ಬಂದವನಲ್ಲ; ಯಾವಾಗ ಮುಗಿಯುತ್ತದೋ, ಕುರ್ಚಿ ಎತ್ತಿಕೊಂಡು ಹೋಗಿ ದಿಬ್ಬೂರಹಳ್ಳಿಯ ಮದುವೆಮನೆಗೆ ಹಾಕಬೇಕು ಅಂತ ಕಾದಿದ್ದವನು. ಗುಡಿಯ ಮುಂದೆ ಸಾಲಾಗಿ ಇಟ್ಟಿದ್ದ ಕೆಂಪು ಕುರ್ಚಿಗಳ ಮೇಲೆ ಬಿಸಿಲು ಬಂದು ಕೂತಿತ್ತು.

ಅಂಥ ಸಭೆ ನಮಗೇನೂ ಹೊಸದಲ್ಲ. ಬಂದಷ್ಟು ಜನರ ಸಹಿ ಹಾಕಿಸಿ, ಉಳಿದದ್ದನ್ನು ಸಂಜೆ ಮನೆಮನೆಗೆ ಕಳಿಸಿ ತುಂಬಿಸಿ, ಸಭೆ ಚೆನ್ನಾಗಿ ನಡೆಯಿತು ಎಂದು ಬರೆದುಕೊಂಡು ಹೋಗುವವರನ್ನು ನೋಡಿ ನೋಡಿ ಅಭ್ಯಾಸವಾಗಿತ್ತು. ಈ ಹೊಸ ಪಿಡಿಒ ಮೈಕ್ ಆರಿಸಿದರು. ಬಿಸಿ ಟೀ ಲೋಟವನ್ನು ಕೆನ್ನೆಗೆ ಒತ್ತಿ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತರು. ಈ ಅಭ್ಯಾಸ ಅವರಿಗೆ ಕೊನೆಯವರೆಗೂ ಇತ್ತು. ಏನಾದರೂ ಮಾತು ಗಂಟಲಲ್ಲಿ ಸಿಕ್ಕಿಕೊಂಡಾಗ ಲೋಟ ಕೆನ್ನೆಗೆ ಹೋಗುತ್ತಿತ್ತು. ಸ್ವಲ್ಪ ಹೊತ್ತು ಕುರ್ಚಿಗಳನ್ನು ನೋಡಿ ಕೇಳಿದರು: “ಇಲ್ಲಿ ಯಾರು ಬಂದಿಲ್ಲರಿ?”

ನನಗೆ ನಗು ಬಂತು. ಬಂದವರನ್ನು ಬಿಟ್ಟು ಬಾರದವರನ್ನು ವಿಚಾರಿಸುವ ಅಧಿಕಾರಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಊರೇ ಬಂದಿಲ್ಲವಲ್ಲ ಸಾರ್ ಅಂದೆ. ಅವರು ಅಷ್ಟಕ್ಕೆ ಬಿಡಲಿಲ್ಲ. ಊರು ಅಂದರೆ ಯಾರು ಯಾರು, ಈ ಹೊತ್ತಿನಲ್ಲಿ ಅವರೆಲ್ಲ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಕೆದಕಿದರು. ಆಂಜಿನಪ್ಪ ತಲೆ ಕೆರೆದುಕೊಂಡು, ಹುಳ ನಾಲ್ಕನೇ ಜ್ವರ ಎದ್ದಿವೆ, ಇವತ್ತು ಯಾರೂ ತೋಟ ಬಿಟ್ಟು ಬರಲ್ಲ ಅಂದ.

ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲುಗದೆ ಮಲಗಿ, ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕನೆಯದು ಎದ್ದಮೇಲೆ ಅವುಗಳ ಹಸಿವು ಹೇಳತೀರದು. ಹುಳ ಮನೆಯ ಬಾಗಿಲಲ್ಲಿ ನಿಂತರೆ ಸೊಪ್ಪು ತಿನ್ನುವ ಸದ್ದು ಸೋನೆ ಹಿಡಿದ ಹಾಗೆ ಕೇಳುತ್ತದೆ. ನಮ್ಮೂರಿನ ಬಹುಪಾಲು ಮನೆಗಳಿಗೆ ಮರಿಹುಳು ಒಂದೇ ಕಡೆಯಿಂದ ಬರುವುದರಿಂದ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಈ ಪಾಡು; ಆ ಸಲ ಹುಳ ಇಡದಿದ್ದ ನಾನೊಬ್ಬ ಬಿಡುವಾಗಿದ್ದೆ. ಆ ದಿನಗಳಲ್ಲಿ ಸ್ವಂತ ತಂಗಿಯ ಮನೆಯ ಗೃಹಪ್ರವೇಶಕ್ಕೂ ಒಬ್ಬರು ಹೋಗಿ ತಲೆ ತೋರಿಸಿ ಬರುತ್ತಾರೆ, ಅಷ್ಟೆ.

ಇದನ್ನೆಲ್ಲ ಕೇಳಿಸಿಕೊಂಡು ಅವರು ಎದ್ದು, ಶಾಮಿಯಾನದವನಿಗೆ ಕುರ್ಚಿ ತೆಗೆದುಕೊಂಡು ಹೋಗಲು ಹೇಳಿದರು. “ನಾ ದಿನಾ ಗೊತ್ತು ಮಾಡಿದ್ದು ತಪ್ಪಾತು. ಮುಂದಿನ ಸಲ ಹುಳಾನ್ನ ಕೇಳಿ ಮಾಡೂಣು” ಅಂದರು. ತಮಾಷೆಗೆ ಅಂದರು ಅಂದುಕೊಂಡೆವು. ಮುಂದಿನ ಸಭೆ ನಿಜವಾಗಿಯೂ ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿ ಎಲ್ಲರೂ ಕೈ ತೊಳೆದುಕೊಂಡ ಮೇಲೆ ಆಯಿತು.

ಪಿಡಿಒ ಹಾವೇರಿ ಕಡೆಯವರು. ನಮ್ಮ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಅದು ಮೊದಲು ಚಂದ್ರಿಕೆಗಳನ್ನು, ಅಂದರೆ ಹಣ್ಣಾದ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಗಳನ್ನು, ಪೇರಿಸಿ ಇಡುತ್ತಿದ್ದ ಜಾಗ. ಮೊದಲ ದಿನ ನಮ್ಮಲ್ಲೇ ಊಟಕ್ಕೆ ಕೂತವರು ರಾಗಿಮುದ್ದೆಯನ್ನು ಅಗಿದು ಅಗಿದು ದವಡೆ ನೋಯಿಸಿಕೊಂಡರು. ನುಂಗಬೇಕು ಸಾರ್ ಅಂದರೆ, “ಅಗೀಲಾರದ ನುಂಗೂದು ನಮ್ಮ ಕಡೆ ರೂಢಿ ಇಲ್ಲರಿ” ಅಂದರು. ನಮ್ಮ ಮನೆಯವಳಿಗೆ ಅಯ್ಯೋ ಅನಿಸಿ, ಅವರ ಹೆಂಡತಿಗೆ ಫೋನು ಮಾಡಿ ಜೋಳದ ರೊಟ್ಟಿ ತಟ್ಟುವುದನ್ನು ಕೇಳಿ ಕಲಿತಳು. ರೊಟ್ಟಿ ಯಾವತ್ತೂ ದುಂಡಗೆ ಬರಲಿಲ್ಲ. ಅವರು ಒಂದು ದಿನವೂ ಆಡಿಕೊಳ್ಳದೆ ತಿಂದರು. ಹೆಂಗಸರಿಬ್ಬರ ಫೋನಿನ ಸ್ನೇಹ ಮಾತ್ರ ಉಳಿಯಿತು. ಆಕೆ ತಮ್ಮ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು, ಒಬ್ಬಳು ಸಣ್ಣ ಮಗಳು, ಕೆಲಸ ಬಿಟ್ಟು ಇಲ್ಲಿಗೆ ಬರುವ ಹಾಗಿಲ್ಲ ಎಂಬುದೆಲ್ಲ ನಮಗೆ ಗೊತ್ತಾದದ್ದು ಆ ರೊಟ್ಟಿಯಿಂದಲೇ.

ಎರಡನೇ ಸಭೆಗೆ ಜನ ಬಂದರು. ಇವರು ಎದ್ದು ನಿಂತು ಮತ್ತೆ ಅದೇ ಪ್ರಶ್ನೆ ಕೇಳಿದರು: ಯಾರು ಬಂದಿಲ್ಲ? ಈ ಸಲ ಎಲ್ಲರೂ ಸುತ್ತ ನೋಡಿದೆವು. ಕಾಲೋನಿಯವರು ಒಬ್ಬರೂ ಇರಲಿಲ್ಲ. ಅವರಿಗೂ ಹೇಳಿ ಕಳಿಸಿದ್ದೆವಲ್ಲ ಅಂತ ಡೈರಿ ಸೆಕ್ರೆಟರಿ ಮುನಿರಾಜು ಅಂದ. ಇವರು ಸಭೆಯನ್ನು ಅಲ್ಲಿಗೇ ನಿಲ್ಲಿಸಿ ಕಾಲೋನಿಗೆ ನಡೆದರು, ಹಿಂದೆ ನಾವು.

ಅಲ್ಲಿ ಪಾಪಮ್ಮ ಅಂತ ಒಬ್ಬಾಕೆ. ವಯಸ್ಸು ಆಗಿತ್ತು, ನಾಲಿಗೆಗೆ ಆಗಿರಲಿಲ್ಲ. ಊರಿನ ಅರ್ಧ ಹುಳ ಮನೆಗಳಲ್ಲಿ ಕೂಲಿಗೆ ದುಡಿದವಳು. ಯಾಕೆ ಬರಲಿಲ್ಲ ಅಂತ ಇವರು ಕೇಳಿದಾಗ ಆಕೆ ಜಗಲಿಯಿಂದ ಏಳದೆ ಅಂದಳು: “ಗುಡಿ ಮುಂದೆ ಸಭೆ ಇಟ್ರೆ ನಾವು ಎಲ್ಲಿ ನಿಂತ್ಕಬೇಕೋ ಗೊತ್ತಾಗಲ್ಲ ಸಾಮಿ. ಕುರ್ಚಿ ಇರ್ತವೆ. ಕೂತ್ಕಳಕ್ಕೆ ಆಗಲ್ಲ.”

ಅವರು ಏನೂ ಆಗದವರ ಹಾಗೆ, ಹಾಲು ಎಲ್ಲಿ ಹಾಕುತ್ತೀರಿ ಅಂತ ಕೇಳಿದರು. ಡೈರಿಯಲ್ಲಿ ಅಂದಳು. ಅಲ್ಲಿ ಸಾಲು ಹೇಗೆ? ಮೊದಲು ಬಂದವರು ಮೊದಲು, ಅಲ್ಲಿ ಯಾರ ಕ್ಯಾನಿಗೂ ಹೆಸರಿಲ್ಲ ಅಂದಳು. ಅಂದಿನಿಂದ ನಮ್ಮೂರಿನ ಸಭೆಯೆಲ್ಲ ಡೈರಿ ಅಂಗಳದಲ್ಲಿ, ಸಂಜೆ ಹಾಲು ಅಳೆದಾದ ಮೇಲೆ. ಬೋರಲು ಹಾಕಿದ ಹಾಲಿನ ಕ್ಯಾನುಗಳೇ ಕುರ್ಚಿ. ಕ್ಯಾನಿನ ಮೇಲೆ ಕೂತವನು ದೊಡ್ಡವನ ಹಾಗೆ ಕಾಣುವುದು ಕಷ್ಟ. ಒಂದು ಚೂರು ಹಿಂದಕ್ಕೆ ವಾಲಿದರೆ ಉರುಳುತ್ತದೆ.

ಆ ಅಂಗಳದಲ್ಲೇ ನಮ್ಮ ನೀರಿನ ತಗಾದೆ ತೀರಿದ್ದು. ಆಗ ನಲ್ಲಿ ನೀರು ಬರುತ್ತಿದ್ದದ್ದು ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ. ಹೆಂಗಸರೆಲ್ಲ ಬಿಸಿಲೇರುವುದರೊಳಗೆ ಸೊಪ್ಪು ಕುಯ್ಯಲು ತೋಟದಲ್ಲಿ. ನೀರು ಬಂದು, ಖಾಲಿ ಮನೆಗಳ ಮುಂದೆ ಹರಿದು, ಚರಂಡಿ ಸೇರುತ್ತಿತ್ತು. ಕೊನೆಯಲ್ಲಿದ್ದ ಕಾಲೋನಿಗೆ ಬರೀ ಗಾಳಿ. ಇವರು ಯಾರಿಗೂ ಉಪದೇಶ ಮಾಡಲಿಲ್ಲ. ರಂಗೋಲಿ ಪುಡಿ ತರಿಸಿ, ಊರಿನ ಬೀದಿಗಳನ್ನೂ ಪೈಪು ಹೋದ ದಾರಿಯನ್ನೂ ನೀವೇ ಬರೆಯಿರಿ ಅಂತ ಹೆಂಗಸರ ಕೈಗೆ ಕೊಟ್ಟರು. ಬರೆಯುತ್ತ ಬರೆಯುತ್ತ ಅವರಲ್ಲೇ ಜಗಳ ಶುರುವಾಯಿತು. ನಿಮ್ಮ ಮನೆ ಅಲ್ಲಿಲ್ಲ ಕಣೇ, ಇಲ್ಲಿ. ಅಯ್ಯೋ, ನನ್ನ ಮನೇನ ನಂಗೇ ತೋರಿಸ್ತಾಳೆ ನೋಡು. ನೀರು ಬಾರದ ಮನೆಯವರು ತಂತಮ್ಮ ಜಾಗದಲ್ಲಿ ಬಿಂದಿಗೆ ಇಡಬೇಕು ಅಂದಾಗ, ಕಾಲೋನಿಯ ಕಡೆ ಬಿಂದಿಗೆಗಳ ಸಾಲೇ ಆಯಿತು. ಮೇಲ್ಬೀದಿಯ ನಾವು ಅದನ್ನು ನಿಂತು ನೋಡಿದೆವು.

ಕೊನೆಗೆ ಅಲ್ಲೇ ತೀರ್ಮಾನವಾಯಿತು. ಬೆಳಗಿನ ನೀರು ಸೊಪ್ಪಿನ ಹೊರೆ ಮನೆಗೆ ಬಂದಮೇಲೆ. ಸಂಜೆಯದು ಮೊದಲು ಕಾಲೋನಿಗೆ, ಆಮೇಲೆ ಮೇಲ್ಬೀದಿಗೆ. ಮೇಲ್ಬೀದಿಯಲ್ಲಿ ಗೊಣಗಿದವರು ಇದ್ದರು. ಮುನಿರಾಜು ಒಂದು ವಾರ ಇವರೊಡನೆ ಮಾತು ಬಿಟ್ಟಿದ್ದ. ಆದರೆ ತಾವೇ ಕೂತು ಮಾಡಿದ ಏರ್ಪಾಡನ್ನು ಮುರಿಯುವುದು ಯಾರಿಗೂ ಆಗಲಿಲ್ಲ. ಆಮೇಲೆ ಅಂಗನವಾಡಿಯ ಬಾಗಿಲು ಯಾವ ದಿಕ್ಕಿಗಿರಬೇಕು, ಬೀದಿದೀಪದ ಕಂಬ ಎಲ್ಲಿ ನೆಡಬೇಕು, ಎಲ್ಲಕ್ಕೂ ರಂಗೋಲಿ, ಎಲ್ಲಕ್ಕೂ ಕ್ಯಾನು. ಪ್ರತಿ ಸಲವೂ ಮೊದಲಿಗೆ ಆ ಪ್ರಶ್ನೆ. ಬಾರದವರನ್ನು ಹೋಗಿ ಕೇಳಿಕೊಂಡು ಬರುವವರೆಗೆ ಏನನ್ನೂ ತೀರ್ಮಾನ ಮಾಡಬಾರದು ಎಂಬುದು ಅವರ ಕಟ್ಟಳೆ. ಮಕ್ಕಳು ಆಟಕ್ಕೆ ಗುಂಪು ಕಟ್ಟುವಾಗಲೂ ಯಾರು ಬಂದಿಲ್ಲರಿ ಎಂದು ಅವರ ಧಾಟಿಯಲ್ಲೇ ಕೂಗುತ್ತಿದ್ದವು.

ಸಂಜೆ ಅವರು ಮಹಡಿ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನು ಮಾಡುತ್ತಿದ್ದರು. ಕೋಣೆಯೊಳಗೆ ಸಿಗ್ನಲ್ ಇರಲಿಲ್ಲ. ಮೊದಮೊದಲು ಮಗಳು ಶಾಲೆಯ ಪದ್ಯ ಹೇಳುವುದು ಕೆಳಗಿನವರೆಗೂ ಕೇಳುತ್ತಿತ್ತು. ಬರಬರುತ್ತ, ಆಡಾಕ ಹೋಗ್ಯಾಳ, ಮಲಗ್ಯಾಳ, ಆಮೇಲೆ ಮಾಡ್ತಾಳಂತ, ಎಂದು ಹೆಂಡತಿಯ ದನಿಯೇ ಹೆಚ್ಚಾಯಿತು. ಮಕ್ಕಳು ಅಂದಮೇಲೆ ಹಾಗೇ ಅಂದುಕೊಂಡೆವು.

ಒಂದು ದಿನ ಬಿಲ್ ಕಲೆಕ್ಟರ್ ಓಡಿ ಬಂದು, ಪಿಡಿಒ ಸಾರ್‌ಗೆ ಟ್ರಾನ್ಸ್‌ಫರ್ ಆಗಿದೆ ಅಂದ. ಹಾವೇರಿ ಕಡೆಗೇ. ಊರು ಅದನ್ನು ಹೇಗೆ ತಿಳಿದುಕೊಂಡಿತು ಅಂದರೆ, ನಮ್ಮ ಅನುಭವದಲ್ಲಿ ಒಳ್ಳೆಯವರಿಗೆ ವರ್ಗವಾಗುವುದು ಒಂದೇ ಕಾರಣಕ್ಕೆ. ಯಾರಿಗೋ ಕಣ್ಣು ಕಿಸುರಾಗಿರಬೇಕು. ಮೇಲೆ ಹೇಳಿ ಎತ್ತಂಗಡಿ ಮಾಡಿಸಿದ್ದಾರೆ. ಮಾತು ಬಿಟ್ಟಿದ್ದ ಮುನಿರಾಜುವೇ ಎಲ್ಲರಿಗಿಂತ ಮುಂದೆ ನಿಂತ: “ನಮಗೆ ನೀರು ಕೊಟ್ಟ ಆಯಪ್ಪನ್ನ ಯಾರೋ ಬಂದು ಎತ್ತಾಕ್ತಾರೆ ಅಂದ್ರೆ ನಾವೇನ್ ಬಳೆ ತೊಟ್ಕೊಂಡಿದೀವಾ?” ಬಳೆ ತೊಟ್ಟ ಪಾಪಮ್ಮ, ತೊಟ್ಟಿರೋರೇ ಮುಂದೆ ಹೋಗ್ತೀವಿ, ನೀನು ಹಿಂದೆ ಬಾರಪ್ಪ ಅಂದಳು.

ಡೈರಿ ಅಂಗಳದಲ್ಲಿ ಸಭೆ ಸೇರಿತು. ಅವರು ಕಲಿಸಿದ ಹಾಗೆಯೇ. ಯಾರು ಬಂದಿಲ್ಲ ಎಂದು ಕೇಳಲೂ ಕೇಳಿದೆವು; ಕೆರೆ ಕೆಳಗಿನ ಕೆಲವು ಮನೆಯವರು ಬಂದಿರಲಿಲ್ಲ, ಆಳು ಕಳಿಸಿ ಕರೆಸಿದೆವು. ಚಾರ್ಜು ಒಪ್ಪಿಸುವ ಓಡಾಟದಲ್ಲಿದ್ದ ಪಿಡಿಒ ಒಬ್ಬರು ಇಲ್ಲ ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ. ಅವರ ವಿಷಯವನ್ನೇ ಅಲ್ಲವೇ ನಾವು ಮಾತಾಡುತ್ತಿದ್ದದ್ದು. ಮಾರನೆಯ ದಿನ ಟೆಂಪೋ ಮಾಡಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದೆವು. ಮೇಲಿನ ಕಚೇರಿಯ ಅಂಗಳದಲ್ಲಿ ಮರದ ನೆರಳಿಗೆ ಕೂತೆವು. ಕೂಗಲಿಲ್ಲ, ಗಲಾಟೆ ಮಾಡಲಿಲ್ಲ. ಮೊದಲು ಕಾಲೋನಿಯವರು ಮಾತಾಡಿದರು, ಆಮೇಲೆ ಮೇಲ್ಬೀದಿಯವರು. ಒಳಗಿನಿಂದ ಅಧಿಕಾರಿಯೊಬ್ಬರು ಬಂದು ನಿಂತು ಕೇಳಿಸಿಕೊಂಡರು. ಇಷ್ಟು ಅಚ್ಚುಕಟ್ಟಾಗಿ ಬಂದು ಕೇಳಿದ ಜನರನ್ನು ನಾನು ನೋಡಿಲ್ಲ ಅಂದರು. ಕೆಲವೇ ದಿನಗಳಲ್ಲಿ ವರ್ಗ ರದ್ದಾಯಿತು.

ಅವರನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿ, ತಮಟೆ ಬಡಿಸಿಕೊಂಡು, ಊರು ಸುತ್ತಿಸಿದರು. ಕೊರಳಿಗೆ ರೇಷ್ಮೆಗೂಡಿನ ಹಾರ. ಅವರು ಕೈ ಮುಗಿದುಕೊಂಡೇ ಇದ್ದರು. ಗೌರವಕ್ಕೆ ಕಣ್ಣು ತುಂಬಿದೆ ಅಂತ ಹೆಂಗಸರು ಹೇಳಿಕೊಂಡರು. ಮನೆಗೆ ಬಂದಮೇಲೆ ಕೋಣೆಗೆ ಹೋಗಿ ನೋಡಿದೆ. ಸೂಟ್‌ಕೇಸ್ ತುಂಬಿ ಬೆಲ್ಟು ಬಿಗಿದಿತ್ತು. ಹಾಸಿಗೆ ಸುತ್ತಿ ಹಗ್ಗ ಕಟ್ಟಿತ್ತು. ಗೋಡೆಯ ಮೇಲಿದ್ದ ಮಗಳ ಫೋಟೋ ತೆಗೆದ ಜಾಗದಲ್ಲಿ ಮೊಳೆಯೊಂದೇ ಇತ್ತು. ಆ ಮೊಳೆಗೆ ಗೂಡಿನ ಹಾರ ನೇತು ಹಾಕಿದ್ದರು.

ನಮ್ಮ ಮನೆಯವಳು ಸಂತೋಷಕ್ಕೆ ಪಾಯಸ ಮಾಡಿದ್ದಳು. ಅವರು ಚಮಚೆಯಲ್ಲಿ ಕಲಕುತ್ತ ಕೂತರು. ಯಾಕಣ್ಣ, ಸಿಹಿ ಹೆಚ್ಚಾಯ್ತಾ ಅಂತ ಅವಳು ಕೇಳಿದಳು. ಅವರು ಟೀ ಲೋಟ ತೆಗೆದು ಕೆನ್ನೆಗೆ ಒತ್ತಿಕೊಂಡರು.

“ಅಕ್ಕಾರ, ವರ್ಗ ಯಾರೂ ಮಾಡಿಸಿದ್ದಲ್ಲರಿ. ನಾನೇ ಕೇಳಿಕೊಂಡಿದ್ದೆ.”

ಆಮೇಲೆ ನಿಧಾನವಾಗಿ ಹೇಳಿದರು. ಹೋದ ಸಲ ಊರಿಗೆ ಹೋಗಿದ್ದರಂತೆ. ಅವರ ಕಡೆ ಮನೆಗೆ ಯಾರೇ ಹೊರಗಿನವರು ಬಂದರೂ ಮೊದಲು ಒಂದು ಚೊಂಬು ನೀರು ತಂದು ಕೈಗೆ ಕೊಡುತ್ತಾರೆ. ಇವರು ಹೋಗಿ ಪಡಸಾಲೆಯಲ್ಲಿ ಕೂತಾಗ ಮಗಳು ಒಳಗಿನಿಂದ ಬಂದು ನೋಡಿದಳು. ತಿರುಗಿ ಒಳಗೆ ಹೋಗಿ ಎರಡೂ ಕೈಯಲ್ಲಿ ಚೊಂಬು ಹಿಡಿದುಕೊಂಡು ಬಂದು, ತಗೋರಿ ಅಂದಳು. “ನನಗ ರೀ ಅಂದ್ಳರಿ. ಬೀಗರಿಗೆ ಕೊಟ್ಟಂಗ ಕೊಟ್ಳು. ಛಲೋ ಕಲಿಸ್ಯಾರ ಅಂತ ನಾ ನಕ್ಕೆ. ಅವರವ್ವ ನಗಲಿಲ್ಲ.”

ನನಗೆ ಎದ್ದು ಹೋಗಿ ಊರಿಗೆಲ್ಲ ಸಾರಿ ಬರಬೇಕು ಅನಿಸಿತು. ನಾಳೆಯೇ ಹೇಳುತ್ತೇನೆ, ಯಾರೂ ಬೇಡ ಅನ್ನಲ್ಲ ಅಂದೆ. ಅವರು ನನ್ನ ಕೈ ಹಿಡಿದು ಕೂರಿಸಿದರು. “ಹೇಳಬ್ಯಾಡ್ರಿ ಅಣ್ಣಾರ. ಈ ಊರು ಒಟ್ಟಿಗೆ ಕೂತು, ಒಟ್ಟಿಗೆ ಹೋಗಿ, ಮೊದಲನೇ ಸಲ ಏನೋ ಗೆದ್ದೈತಿ. ಗೆದ್ದದ್ದೇ ತಪ್ಪಿತ್ತು ಅಂತ ಹೇಳಿದ್ರ ಮತ್ತ ಯಾವ ಕ್ಯಾನಿನ ಮ್ಯಾಲ ಕೂಡ್ತಾರ?” ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡರು. ಹಾಸಿಗೆಯ ಹಗ್ಗ ಬಿಚ್ಚಿಕೊಡಲು ನಾನೇ ಮೇಲೆ ಹೋದೆ. ಗಂಟು ಬಿಗಿಯಾಗಿತ್ತು, ಕೊಯ್ಯಬೇಕಾಯಿತು.

ಹಾರಕ್ಕೆ ಹಾಕಿದ್ದು ಬೇಯಿಸದ ಗೂಡು. ಸಡಗರದಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಒಂದು ಬೆಳಗ್ಗೆ ಅವರು ಮೇಲಿನಿಂದ ಕೂಗಿ ಕರೆದರು. ಹೋಗಿ ನೋಡಿದರೆ ಗೂಡು ತೂತು ಮಾಡಿಕೊಂಡು ಚಿಟ್ಟೆಗಳು ಹೊರಬಂದು, ಸುಣ್ಣದ ಗೋಡೆಯ ಮೇಲೆ ರೆಕ್ಕೆ ಪಟಪಟಿಸುತ್ತ ಕೂತಿದ್ದವು. ಇವೇನೋ ಪಾರಾದವು ನೋಡ್ರಿ ಅಂದು ಅವರು ನಕ್ಕರು. ಬಹಳ ದಿನಕ್ಕೆ ಜೋರಾಗಿ ನಕ್ಕಿದ್ದು. ಆ ಚಿಟ್ಟೆಗೂ ಹಾರಲು ಬರುವುದಿಲ್ಲ ಅಂತ ನಾನು ಹೇಳಲಿಲ್ಲ.

ಆಮೇಲಿನ ದಿನಗಳಲ್ಲಿ ಊರು ಅವರ ಮೇಲೆ ಇಟ್ಟ ಪ್ರೀತಿಯನ್ನು ನೋಡುವುದೇ ನಮಗಿಬ್ಬರಿಗೂ ಒಂದು ಶಿಕ್ಷೆಯಾಯಿತು. ಅವರೆಕಾಯಿ ಕಾಲದಲ್ಲಿ ಮೆಟ್ಟಿಲ ಮೇಲೆ ಅವರೆಕಾಯಿ ರಾಶಿ, ದ್ರಾಕ್ಷಿ ಕುಯ್ದರೆ ದ್ರಾಕ್ಷಿ. ಕೆಂಚಾರ್ಲಹಳ್ಳಿಗೆ ಕೊಟ್ಟ ಮುನಿರಾಜುವಿನ ಮಗಳು ತವರಿಗೆ ಬಾಣಂತನಕ್ಕೆ ಬಂದಾಗ ಮಗುವಿಗೆ ಹೆಸರನ್ನು ಅವರ ಕೈಲೇ ಇಡಿಸಿದರು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅವರು ಕೂತಿದ್ದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಬೇರೆಯವರ ವಸ್ತು ಕೈಗೆ ಬಂದು ಎಲ್ಲಿ ಇಡಬೇಕೋ ತಿಳಿಯದವರ ಹಾಗೆ. ನೀವಿರೋ ಗಂಟ ನಮಗೇನ್ ಯೋಚನೆ ಸಾರ್ ಎಂದು ಜನ ಅನ್ನುತ್ತಿದ್ದರು. ಅವರು ಹೌದ್ರಿ, ಹೌದ್ರಿ ಅನ್ನುತ್ತಿದ್ದರು. ಅವರು ಮತ್ತೆ ಅರ್ಜಿ ಹಾಕಿದ್ದಾರೆ ಎಂಬುದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ತಿಳಿಯದು.

ಇಂಥ ಸುದ್ದಿ ನಿಲ್ಲುವುದಿಲ್ಲ. ಸಾರ್‌ನ ಮತ್ತೆ ಎತ್ತಂಗಡಿ ಮಾಡಿಸ್ತಾ ಇದಾರಂತೆ ಎಂದು ಊರಿಗೆ ಊರೇ ಎದ್ದಿತು. ಅವರು ಯಾವುದೋ ತರಬೇತಿಗೆ ಅಂತ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದ ದಿನವೇ ಡೈರಿ ಅಂಗಳ ತುಂಬಿತು. ನಾನೂ ನನ್ನ ಹೆಂಡತಿಯೂ ಒಂದು ಮೂಲೆಯಲ್ಲಿ ಕೂತೆವು. ಬಾಯಿ ಬಿಡುವ ಹಾಗಿಲ್ಲ. ಮುನಿರಾಜು ಎದ್ದುನಿಂತು, ಈ ಸಲ ಬರೀ ಕೂತರೆ ಸಾಲದು, ರಸ್ತೆಗೇ ಹಾಲಿನ ಕ್ಯಾನು ಅಡ್ಡ ಇಡೋಣ ಅಂದ. ಹೌದು ಹೌದು ಅಂದರು. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಮುಂದೆ, ಎಲ್ಲ ನಿಶ್ಚಯವಾಗುತ್ತ ಬಂತು.

ಆಗ ಪಾಪಮ್ಮ ಕ್ಯಾನಿನ ಮೇಲೆ ಕೂತಲ್ಲಿಂದಲೇ ಕೇಳಿದಳು: “ಇರ್ರಪ್ಪ. ಇಲ್ಲಿ ಯಾರು ಬಂದಿಲ್ಲ?”

ಎಲ್ಲರೂ ಬಂದಿದೀವಿ ಬಿಡಮ್ಮ ಅಂದರು. ಅವಳು ಬಿಡಲಿಲ್ಲ. ಬೀದಿ ಬೀದಿಯ ಹೆಸರು ಹಿಡಿದು ಕೇಳಿದಳು. ಎಲ್ಲರೂ ಇದ್ದರು. “ಆಯಪ್ಪ ಬಂದಿಲ್ಲ” ಅಂದಳು ಕೊನೆಗೆ. ಅವರನ್ನೇನು ಕೇಳುವುದು, ದೊಡ್ಡ ಮನುಷ್ಯರು, ತಮಗೋಸ್ಕರ ಹೋರಾಡಿ ಅಂತ ಅವರೇ ಹೇಳುತ್ತಾರಾ ಅಂತ ಮುನಿರಾಜು ಅಂದ. ಅವಳು ಮತ್ತೆ ಅಂದಳು: “ಆಯಪ್ಪನ ಹೆಂಡ್ರೂ ಬಂದಿಲ್ಲ ಕಣೋ. ಬರ್ದೇ ಇರೋರ್ನ ಹೋಗಿ ಕೇಳ್ಬೇಕು ಅಂತಲ್ವಾ ನಮಗೆ ಹೇಳಿರೋದು?”

ನಮ್ಮನ್ನು ಬಿಟ್ಟರೆ ಯಾರ ಹತ್ತಿರವೂ ಆಕೆಯ ನಂಬರು ಇರಲಿಲ್ಲ. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಮಾತಾಡುವುದಿಲ್ಲ ಅಂತ ಮಾತು ಕೊಟ್ಟಿದ್ದಳು. ನಂಬರು ಕೊಡುವುದಿಲ್ಲ ಅಂತ ಕೊಟ್ಟಿರಲಿಲ್ಲ. ಎದ್ದುಹೋಗಿ ಫೋನು ಹಚ್ಚಿ, ದನಿ ಎಲ್ಲರಿಗೂ ಕೇಳುವ ಹಾಗೆ ಮಾಡಿ, ಪಾಪಮ್ಮನ ತೊಡೆಯ ಮೇಲೆ ಇಟ್ಟುಬಂದಳು.

ಪಾಪಮ್ಮ ಫೋನಿನ ಮೇಲೆ ಬಾಗಿ, ಜೋರಾಗಿ, ತಾನು ಯಾರು, ಎಲ್ಲಿಂದ ಮಾತಾಡುತ್ತಿರುವುದು ಎಂದು ಹೇಳಿದಳು. ನಿಮ್ಮ ಯಜಮಾನರನ್ನು ಇಲ್ಲಿಂದ ಕಳಿಸುತ್ತಾರಂತೆ, ಬಿಡಬಾರದು ಅಂತ ಕೂತಿದ್ದೇವೆ, ನಿಮ್ಮನ್ನೂ ಒಂದು ಮಾತು ಕೇಳೋಣ ಅಂತ, ಅಂದಳು.

ಅತ್ತ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು ಕೇಳಿಸಿತು.

“ಹೋದ ಸಲ ಕೇಳಲಿಲ್ಲಲ್ಲರಿ” ಎಂದಿತು ಆ ದನಿ.

ಅಷ್ಟೇ. ಸಿಟ್ಟಿರಲಿಲ್ಲ ಅದರಲ್ಲಿ. ಆಸ್ಪತ್ರೆಯಲ್ಲಿ ರೋಗಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು. ಹಿಂದೆ ಎಲ್ಲೋ ಸಣ್ಣ ಹುಡುಗಿಯ ದನಿ, ಯಾರವ್ವಾ ಅದು ಎಂದು ಕೇಳಿತು. ನಿಮ್ಮಪ್ಪನ ಊರಾಗಿನವರು ಅಂದಳು ತಾಯಿ. ನಮ್ಮ ಊರನ್ನು ಆ ಮನೆಯಲ್ಲಿ ಹಾಗೆ ಕರೆಯುತ್ತಿದ್ದರು ಎಂಬುದು ಆಗ ತಿಳಿಯಿತು. ಆಕೆ ಬೇರೇನೂ ಬೇಡಲಿಲ್ಲ. ನಿಮಗೆ ನೀರು ಬಂದದ್ದು ನನಗೂ ಸಂತೋಷವೇ ಎಂದಳು. ವರ್ಗ ಯಾರು ಕೇಳಿದ್ದು ಎಂದು ಪಾಪಮ್ಮನೇ ಕೇಳಿದಳು. ಅವರೇ ಎಂದು ಆಕೆ ಹೇಳಿದಳು, ಎರಡು ಸಲವೂ.

ಫೋನು ಇಟ್ಟಮೇಲೆ ಯಾರೂ ಏಳಲಿಲ್ಲ. ಮುನಿರಾಜು ನಿಂತಿದ್ದವನು ಒಂದು ಕ್ಯಾನು ಹುಡುಕಿಕೊಂಡು ಕೂತ. ಹಾಗಾದ್ರೆ ಆವತ್ತು ಟ್ರ್ಯಾಕ್ಟರ್ ಮೇಲೆ ಆಯಪ್ಪ ಅತ್ತಿದ್ದು, ಅಂತ ಶುರುಮಾಡಿ ಮುಗಿಸಲಿಲ್ಲ. ಪಾಪಂ, ಪಾಪಂ ಎಂದು ಪಾಪಮ್ಮ ಹಣೆ ಚಚ್ಚಿಕೊಂಡಳು.

ಸಂಜೆ ಬಸ್ಸಿಳಿದು ಬಂದವರಿಗೆ ಅಂಗಳದಲ್ಲಿ ಊರೇ ಕಾದು ಕೂತಿತ್ತು. ಪಾಪಮ್ಮನೇ ಎಲ್ಲ ಹೇಳಿದಳು. ಕೈಯಲ್ಲಿ ಲೋಟ ಇರಲಿಲ್ಲ. ಅವರು ಬರಿ ಅಂಗೈಯನ್ನೇ ಕೆನ್ನೆಗೆ ಒತ್ತಿಕೊಂಡರು. ಆಮೇಲೆ, ಇವತ್ತು ನೀರಿನ ಟ್ಯಾಂಕಿನ ರಿಪೇರಿ ಮಾತು ಆಡಬೇಕಿತ್ತು, ಅದನ್ನ ಆಡಿದಿರೇನು ಅಂತ ಕೇಳಿದರು.

ಇಲ್ಲಿಗೆ ಬಿಡುಗಡೆಯಾಯಿತು ಅಂದುಕೊಂಡರೆ ಆಗಲಿಲ್ಲ. ಜನರ ಒತ್ತಾಯದ ಮೇಲೆ ಉಳಿಸಿಕೊಂಡ ಅಧಿಕಾರಿ ಎಂದು ಕಚೇರಿಯ ಕಡತದಲ್ಲಿ ಅವರ ಹೆಸರಿನ ಮುಂದೆ ನಾವೇ ಬರೆಸಿಬಿಟ್ಟಿದ್ದೆವು. ಅದನ್ನು ಅಳಿಸಲು ಮತ್ತೆ ಚಿಕ್ಕಬಳ್ಳಾಪುರಕ್ಕೆ ಹೋದೆವು, ಅದೇ ಮರದಡಿಗೆ. ಅದೇ ಅಧಿಕಾರಿ ಬಂದರು. ಪಿಡಿಒ ಅವರನ್ನು ಕಳಿಸಿಕೊಡಿ ಅಂದೆವು. ಅಧಿಕಾರಿಯ ಹುಬ್ಬು ಮೇಲಕ್ಕೆ ಹೋಯಿತು. ಏನು ದೂರು ಅಂತ ಕೇಳಿದರು. ದೂರಿಲ್ಲ, ಬಹಳ ಒಳ್ಳೆಯವರು ಅಂದೆವು. ಹೋದ ಸಲ ಬಿಡಬೇಡಿ ಅಂದಿರಿ, ಈಗ ಕಳಿಸಿ ಅಂತೀರಿ, ನಡುವೆ ಏನೋ ನಡೆದಿರಬೇಕು, ಹೆದರಬೇಡಿ ಹೇಳಿ, ಬೇಕಾದರೆ ವಿಚಾರಣೆ ಮಾಡಿಸುತ್ತೇನೆ ಅಂದರು. ಒಳ್ಳೆಯದು ಮಾಡಲು ಹೋಗಿ ಆ ಮನುಷ್ಯನ ಹಣೆಗೆ ಮಸಿ ಬಳಿದು ಬರುವ ಹಾಗಾಗಿತ್ತು.

ಪಾಪಮ್ಮ ಅಧಿಕಾರಿಯ ಮುಂದೆ ಹೋಗಿ ನಿಂತಳು. “ಒಬ್ರ ಮನೆ ಯಜಮಾನನ್ನ ಇನ್ನೊಬ್ರು ಎಷ್ಟು ದಿನ ಇಟ್ಕಳಾದು ಸಾಮಿ? ಕೇಳ್ದೆ ತಂದಿಟ್ಕಂಡಿದ್ವಿ. ವಾಪಸ್ ಕೊಡಕ್ ಬಂದಿದೀವಿ.”

ಹಿಂದೆ ನಿಂತಿದ್ದ ಗುಮಾಸ್ತರು ನಕ್ಕರು. ಅಧಿಕಾರಿ ನಗಲಿಲ್ಲ. ಆದರೆ ಆ ವರ್ಷದ ವರ್ಗಾವಣೆ ಮುಗಿದುಹೋಗಿತ್ತು. ಮುಂದಿನ ವರ್ಷ ನೋಡೋಣ ಅಂದರು.

ಆ ಒಂದು ವರ್ಷ ಇದೆಯಲ್ಲ, ಅದು ಹಿಂದಿನ ಎಲ್ಲ ದಿನಗಳಿಗಿಂತ ಭಾರ. ಮೊದಲು ಅವರೊಬ್ಬರೇ ಸಿಕ್ಕಿಕೊಂಡಿದ್ದರು, ಈಗ ಊರಿಗೆ ಊರೇ ಸಿಕ್ಕಿಕೊಂಡಿತು. ಅವರ ಮುಂದೆ ಯಾರೂ ತಮ್ಮ ಮಕ್ಕಳನ್ನು ಎತ್ತಿ ಮುದ್ದಾಡುತ್ತಿರಲಿಲ್ಲ. ಅಪ್ಪಾ ಎಂದು ಯಾವುದಾದರೂ ಮಗು ಓಡಿಬಂದರೆ ತಂದೆ ಸರಕ್ಕನೆ ಆಚೆ ಕರೆದುಕೊಂಡು ಹೋಗುತ್ತಿದ್ದ. ಕೆಲಸ ಕೇಳಲು ನಾಚಿಕೆ, ಕೇಳದಿದ್ದರೆ ಅವರಿಗೆ ಬೇಸರ. ಅವರೇ ಮನೆ ಮನೆಗೆ ಹೋಗಿ ಸಭೆಗೆ ಕರೆದುಕೊಂಡು ಬರಬೇಕಾಯಿತು. ಟ್ಯಾಂಕಿನ ಕೆಲಸ ಹಿಡಿದು ಮುಕ್ಕಾಲು ಮಾಡಿಸಿದರು. ಸಂಜೆ ಮೆಟ್ಟಿಲ ಮೇಲೆ ಅವರು ಫೋನು ತೆಗೆದರೆ ನಾವು ಟೀವಿಯ ದನಿ ಇಳಿಸುತ್ತಿದ್ದೆವು.

ಆದೇಶ ಬಂತು, ಕೊನೆಗೂ. ಯಾವತ್ತು ಹೊರಡುತ್ತೀರಿ ಎಂದು ಎಲ್ಲರೂ ಕೇಳಿದರು. ಹಾರ, ಶಾಲು, ಊಟ, ಎಲ್ಲದಕ್ಕೂ ತಯಾರಿ ನಡೆದಿತ್ತು. ಹೇಳ್ತೇನಿ ಹೇಳ್ತೇನಿ ಅನ್ನುತ್ತಿದ್ದರು. ಒಂದು ಬೆಳಗ್ಗೆ ನಾನು ಸೊಪ್ಪಿನ ಹೊರೆ ಇಳಿಸಿ ಮುಖ ಒರೆಸಿಕೊಳ್ಳುತ್ತಿದ್ದೆ. ಅವರು ಸೂಟ್‌ಕೇಸ್ ಹಿಡಿದು ಮೆಟ್ಟಿಲಿಳಿದು ಬಂದರು. ಶಿಡ್ಲಘಟ್ಟದ ಬಸ್ಸಿನ ಹೊತ್ತು. ಇರಿ ಸಾರ್, ಊರಿಗೆ ಹೇಳುತ್ತೇನೆ ಅಂದೆ. ಹುಳ ಮನಿ ಬಿಟ್ಟು ಬರಬ್ಯಾಡ್ರಿ ಅಂದರು. ನಾನು ಬಾಗಿಲವರೆಗೂ ಹೋಗಲಿಲ್ಲ. ಒಳಗೆ ಹುಳ ಮೇವಿಗೆ ತಲೆ ಎತ್ತಿಕೊಂಡಿದ್ದವು. ಬಸ್ಸು ಹೋದಮೇಲೆ ನಮ್ಮ ಮನೆಯವಳು ಸೊಪ್ಪು ಹಾಕುತ್ತ ಹಾಕುತ್ತ ಕೈ ನಿಲ್ಲಿಸಿ, ಇವತ್ತು ನಾಲ್ಕನೇ ಜ್ವರ ಎದ್ದಿದ್ದಲ್ವಾ ಅಂದಳು. ಊರಿನಲ್ಲಿ ಒಬ್ಬರೂ ಬರಲಾಗದ ದಿನವನ್ನು ನೋಡಿ ಹೊರಟಿದ್ದರು. ಹುಳವನ್ನು ಕೇಳಿಯೇ ದಿನ ಗೊತ್ತು ಮಾಡಿದ್ದರು.

ಈಗ ಮಂಚೇನಹಳ್ಳಿ ಕಡೆಯಿಂದ ಬಂದ ಹೆಣ್ಣುಮಗಳೊಬ್ಬಳು ಪಿಡಿಒ. ಟ್ಯಾಂಕಿನ ಉಳಿದ ಕಾಲು ಭಾಗ ಹಾಗೆಯೇ ಇದೆ. ಸಭೆ ಡೈರಿ ಅಂಗಳದಲ್ಲೇ ನಡೆಯುತ್ತದೆ. ಬಂದ ಹೊಸತರಲ್ಲಿ ಆಕೆಗೆ ಪಾಪಮ್ಮ ಮೊದಲು ಕೇಳಿದ್ದು, ಮನೆ ಎಲ್ಲಿ, ಮಕ್ಕಳು ಎಲ್ಲಿದಾವೆ ತಾಯಿ ಅಂತ.

ಹೋದ ಸಲ ದ್ರಾಕ್ಷಿ ಕೊಯ್ಲಾದ ಮೇಲೆ, ನನ್ನ ಹೆಂಡತಿಯ ತಮ್ಮನ ಮಗಳಿಗೆ ಗಂಡು ನೋಡಲು ನಾವಿಬ್ಬರೂ ಹಾವೇರಿ ಕಡೆಗೆ ಹೋಗಿದ್ದೆವು. ಬರುವಾಗ ಅವರ ಮನೆಗೆ ಹೋದೆವು. ಒಂದು ಪುಟ್ಟಿ ದ್ರಾಕ್ಷಿ ತೆಗೆದುಕೊಂಡು ಹೋಗಿದ್ದೆವು. ಅವರು ಆಗತಾನೆ ಕಚೇರಿಯಿಂದ ಬಂದಿದ್ದರು. ಪಡಸಾಲೆಯಲ್ಲಿ ಮೂವರೂ ಕೂತೆವು. ಮಗಳು ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿ ಒಳಗೆ ಹೋದಳು. ಎರಡು ಚೊಂಬು ನೀರು ತಂದು, ಒಂದು ನನಗೆ, ಒಂದು ನನ್ನ ಹೆಂಡತಿಗೆ ಕೊಟ್ಟಳು. ತಗೋರಿ ಅಂದಳು.

“ನನಗ?” ಎಂದು ಅವರು ಕೇಳಿದರು.

“ನಿನಗ್ಯಾಕ? ಒಳಗೈತಿ, ಹೋಗಿ ಕುಡಿ” ಅಂದಳು ಮಗಳು.

ಅವರು ಎದ್ದು ಒಳಗೆ ಹೋದರು. ಕೊಡದ ಮುಚ್ಚಳ ತೆಗೆದ ಸದ್ದು ಕೇಳಿಸಿತು.